ಮೊದಲು ಮೈಕ್ರೊಸೆಕೆಂಡ್, ಆಮೇಲೆ ಸೆಂಟಿಮೀಟರ್

ಭೌತಶಾಸ್ತ್ರದ ತರಗತಿಯ ಪ್ರಯೋಗಕ್ಕೆ ಸೆನ್ಸರ್ ಬಂದರೆ ಕೆಲಸ ಬೇಗ ಮುಗಿಯುತ್ತದೆ. ನನಗೆ ತಲೆನೋವು ಅದೇ. ಪರದೆ ಮೇಲೆ ಅಂಕಿ ಬರುತ್ತದೆ, ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೇ. ಅದು ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ.

ಅದಕ್ಕೇ ಎಚ್‌ಸಿ-ಎಸ್‌ಆರ್04 ಅನ್ನೋ, ಶಬ್ದ ಕಳಿಸಿ ಅದು ವಾಪಸ್ ಬರುವುದರಿಂದ ದೂರ ಅಳೆಯುವ ಸೆನ್ಸರನ್ನು ಆರ್ಡುಯಿನೊಗೆ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡ್) ಜೋಡಿಸುವಾಗ, ದೂರ ಲೆಕ್ಕ ಹಾಕುವ ಸಾಲನ್ನು ಪ್ರೋಗ್ರಾಮಿನಿಂದ ಬೇಕಂತಲೇ ತೆಗೆದುಬಿಡುತ್ತೇನೆ. ಶಬ್ದ ಹೋಗಿ ವಾಪಸ್ ಬರಲು ಎಷ್ಟು ಮೈಕ್ರೊಸೆಕೆಂಡ್ ಹಿಡಿಯಿತು, ಅದಷ್ಟೇ ಕಾಣಬೇಕು. ಗೋಡೆಯಿಂದ ಸರಿಯಾಗಿ 1 ಮೀಟರ್ ದೂರದಲ್ಲಿಟ್ಟರೆ ಸುಮಾರು 5800 ಬರುತ್ತದೆ. ಇದರಿಂದ ಶಬ್ದದ ವೇಗ ಹೇಳಿ ಅಂದರೆ ಅರ್ಧ ತರಗತಿ ಸೆಕೆಂಡಿಗೆ 172 ಮೀಟರ್ ಅನ್ನುತ್ತದೆ. ಶಬ್ದ ಹೋದದ್ದು ಎರಡು ಮೀಟರ್ ಅಲ್ವಾ? ಅದನ್ನು ನಾನು ಹೇಳುವುದಿಲ್ಲ. ಪಕ್ಕದ ಬೆಂಚಿನವರೇ ಜಗಳ ಮಾಡಿ ಹೇಳುತ್ತಾರೆ. ಆಮೇಲೆ 345ರ ಹತ್ತಿರ ಬರುತ್ತದೆ. ಪುಸ್ತಕದಲ್ಲಿ 343 ಇದೆಯಲ್ಲ ಅಂತ ಯಾರಾದರೂ ಕೇಳಿದರೆ, ಪಕ್ಕದಲ್ಲೇ ಒಂದು ಥರ್ಮಾಮೀಟರ್ ಇಡುತ್ತೇನೆ. 343 ಅನ್ನುವುದು 20 ಡಿಗ್ರಿಯ ಗಾಳಿಗೆ. ಒಂದೊಂದು ಡಿಗ್ರಿ ಏರಿದಂತೆ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಜಾಸ್ತಿಯಾಗುತ್ತದೆ. ಅಳತೆಯಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆದರೂ ವೇಗದ ಉತ್ತರ ಸೆಕೆಂಡಿಗೆ ಮೂರು ಮೀಟರಿನಷ್ಟು ಕದಲುತ್ತದೆ, ಅದನ್ನೂ ಅವರಿಂದಲೇ ಲೆಕ್ಕ ಹಾಕಿಸುತ್ತೇನೆ. ಇಷ್ಟಾದ ಮೇಲೆ ಸೆಂಟಿಮೀಟರ್ ತೋರಿಸುವ ಸಾಲು ವಾಪಸ್ ಬರುತ್ತದೆ.

ಈಗ ನಡಿಗೆಯ ಗ್ರಾಫ್. ಸೆನ್ಸರಿನ ಮುಂದೆ ಒಬ್ಬರು ನಡೆಯಬೇಕು, ಪರದೆ ಮೇಲೆ ದೂರ-ಕಾಲದ ಗೆರೆ ಮೂಡಬೇಕು. ಆದರೆ ನಡೆಯುವ ಮೊದಲೇ ಎಲ್ಲರೂ ತಮ್ಮ ಗೆರೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿರಬೇಕು, ಪೆನ್ನಿನಲ್ಲೇ. ನಡೆಯುವವರು ನಿಂತುಬಿಟ್ಟರೆ ಗೆರೆ ಸೊನ್ನೆಗೆ ಇಳಿಯುತ್ತದೆ ಅಂತ ಬಹಳ ಜನ ಬರೆಯುತ್ತಾರೆ. ಪರದೆಯಲ್ಲಿ ಅದು ಅಡ್ಡಕ್ಕೆ ನೆಟ್ಟಗೆ ಹೋದಾಗ ಆಗುವ ಗಲಾಟೆ ಕೇಳಬೇಕು! ನಡೆಯುವವರ ಕೈಗೆ ಒಂದು ದೊಡ್ಡ ರಟ್ಟು ಕೊಡಿ. ಬಟ್ಟೆ ಶಬ್ದವನ್ನು ಹೀರಿಕೊಳ್ಳುವುದರಿಂದ ಗೆರೆ ಎಲ್ಲೆಲ್ಲೋ ಜಿಗಿಯುತ್ತದೆ. ಅಕ್ಕಪಕ್ಕದ ಬೆಂಚುಗಳನ್ನೂ ಸರಿಸಿಬಿಡಿ, ಶಬ್ದ ಅಗಲವಾಗಿ ಹರಡಿ ಅವಕ್ಕೂ ತಾಗುತ್ತದೆ.

ಲೋಲಕಕ್ಕೆ ಲೈಟ್ ಗೇಟ್ ಬಳಸುತ್ತೇನೆ, ಅಂದರೆ ಬೆಳಕಿನ ಕಿರಣಕ್ಕೆ ಏನಾದರೂ ಅಡ್ಡ ಬಂದ ಸಮಯವನ್ನು ಗುರುತಿಸುವ ಸಾಧನ. ಗುಂಡು ಒಂದು ಪೂರ್ತಿ ಆಂದೋಲನದಲ್ಲಿ ಬೆಳಕನ್ನು ಎರಡು ಸಲ ಅಡ್ಡಗಟ್ಟುತ್ತದೆ. ಹಾಗಾಗಿ ಮೊದಲ ಸಲದಿಂದ ಮೂರನೇ ಸಲದವರೆಗಿನ ಸಮಯವೇ ಅವಧಿ. 1 ಮೀಟರ್ ಉದ್ದಕ್ಕೆ ಸುಮಾರು 2 ಸೆಕೆಂಡ್ ಬಂದರೆ ಜೋಡಣೆ ಸರಿಯಿದೆ.

ಎಲ್ಲದಕ್ಕೂ ಸೆನ್ಸರ್ ಹಚ್ಚುವುದು ಸುಮ್ನೆ ಶೋಕಿ. ಸ್ಪ್ರಿಂಗ್ ಎಷ್ಟು ಹಿಗ್ಗಿತು ಅಂತ ನೋಡಲು ಸ್ಕೇಲ್ ಸಾಕು. ಓಮ್‌ನ ನಿಯಮಕ್ಕೆ ಈಗಲೂ ಮುಳ್ಳಿನ ಮೀಟರನ್ನೇ ಕೊಡುತ್ತೇನೆ.