ಫ್ಯಾಷನ್ ಫೋಟೊ ಓದಲು ಮೊದಲು ಕೈ ನೋಡಿ: ನನ್ನ ಅನುಭವ

ಮಾಡೆಲ್‌ಗಳನ್ನು ನೋಡುಗರ ಮುಂದೆ ಹೇಗೆ ನಿಲ್ಲಿಸಿದ್ದಾರೆ ಅನ್ನೋದನ್ನು ಎಣಿಸಿ ಹೇಳಬಹುದು ಅಂದಾಗ ಯಾರೂ ನಂಬಲಿಲ್ಲ. "ಅದೆಲ್ಲ ಅವರವರ ಕಣ್ಣಿಗೆ ಬಿಟ್ಟಿದ್ದು, ಲೆಕ್ಕಕ್ಕೆ ಸಿಗಲ್ಲ" ಅಂದರು. ಸಿಕ್ಕಿದೆ. ಕೈ ಹೇಗಿದೆ, ನೋಟ ಎತ್ತ ಅಂತ ನಾನು ಗುರುತು ಹಾಕಿದ ಫೋಟೊಗಳನ್ನೇ ಇನ್ನೊಬ್ಬರಿಗೆ ಕೊಟ್ಟೆ, ನನ್ನ ಹಾಳೆ ತೋರಿಸಲಿಲ್ಲ. ಹತ್ತರಲ್ಲಿ ಎಂಟೊಂಬತ್ತು ಕಡೆ ಇಬ್ಬರ ಗುರುತೂ ಒಂದೇ ಬಂತು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಮುಖದ ಅಳತೆ. 1983ರಲ್ಲಿ ಡೇನ್ ಆರ್ಚರ್ ಅನ್ನೋ ಸಂಶೋಧಕರು ಮತ್ತು ಜೊತೆಗಾರರು ಕೊಟ್ಟದ್ದು. ಗದ್ದದಿಂದ ನೆತ್ತಿವರೆಗಿನ ಉದ್ದವನ್ನು ಚಿತ್ರದಲ್ಲಿ ಕಾಣುವಷ್ಟು ಆಳಿನ ಉದ್ದದಿಂದ ಭಾಗಿಸುವುದು. ಪತ್ರಿಕೆಯ ಫೋಟೊಗಳಲ್ಲಿ ಗಂಡಸರ ಅಂಕಿ ದೊಡ್ಡದು (ಅಂದರೆ ಮುಖಕ್ಕೇ ಹೆಚ್ಚು ಜಾಗ), ಹೆಂಗಸರದ್ದು ಚಿಕ್ಕದು ಅಂತ ಅವರು ತೋರಿಸಿದ್ದರು. ಫ್ಯಾಷನ್‌ನಲ್ಲಿ ಇದು ಕೈಕೊಟ್ಟಿತು. ಪ್ಯಾಂಟು, ಶೂ ಕಾಣಬೇಕು ಅಂದರೆ ಗಂಡಸನ್ನೂ ಪೂರ್ತಿ ತೋರಿಸಲೇಬೇಕಲ್ವಾ? ಇಬ್ಬರ ಅಂಕಿಯೂ ಇಳಿದು ಕೂತಿತು.

ಆಮೇಲೆ ದುಡ್ಡು ಹೋದದ್ದು ಭಂಗಿ ಗುರುತಿಸುವ ಸಾಫ್ಟ್‌ವೇರ್‌ಗೆ. ವರ್ಷದ ಚಂದಾ ಒಟ್ಟಿಗೇ ಕಟ್ಟಿದ್ದೆ, ವಾಪಸ್ ಕೊಡಲ್ಲ ಅಂದರು. ಉದ್ದನೆಯ ಸ್ಕರ್ಟ್ ಬಂದರೆ ಅದು ಮೊಣಕಾಲಿಗೆ ಇಡುವ ಚುಕ್ಕಿ ಎಲ್ಲೋ ಹೋಗಿ ಕೂರುತ್ತದೆ. ಕಾಲು ಅಡ್ಡ ಹಾಕಿದ್ದರೆ ಎಡ ಬಲ ಅದಲುಬದಲು. ಬಣ್ಣದ ಪ್ರಿಂಟ್‌ಗೆ ಸುರಿದದ್ದಂತೂ ಪೂರ್ತಿ ದಂಡ, ಯಾಕಂದರೆ ಬಣ್ಣ ಇದ್ದರೆ ಕಣ್ಣು ಬಟ್ಟೆ ಬಿಟ್ಟು ಕದಲುವುದಿಲ್ಲ. ಈಗ ಅಂಗೈ ಅಗಲದ ಕಪ್ಪುಬಿಳುಪು ಪ್ರಿಂಟ್, ಒಂದು ಪೆನ್ಸಿಲ್, ಅಷ್ಟೇ. ಖರ್ಚು ಮೊದಲಿನ ಹತ್ತನೇ ಒಂದು ಭಾಗವೂ ಇಲ್ಲ.

ನನ್ನ ಹಾಳೆಯಲ್ಲಿ ನಾಲ್ಕೇ ಕಾಲಂ. ಕೈ, ಕಾಲಿನ ಭಾರ, ನೋಟ, ಕ್ಯಾಮೆರಾ ಎತ್ತರ. ಜಾಹೀರಾತಿನಲ್ಲಿ ಹೆಂಗಸಿನ ಕೈ ವಸ್ತುವನ್ನು ಗಟ್ಟಿಯಾಗಿ ಹಿಡಿಯುವುದು ಕಡಿಮೆ, ಸುಮ್ನೆ ಸವರುವುದೇ ಜಾಸ್ತಿ ಅಂತ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲೇ ಹೇಳಿದ್ದರು. ನಾನು ಅದನ್ನು ಬೆರಳಿಗೆ ಇಳಿಸಿದೆ. ಬ್ಯಾಗಿನ ಹಿಡಿಕೆಯ ಸುತ್ತ ನಾಲ್ಕು ಬೆರಳು ಮಡಚಿ, ಹೆಬ್ಬೆರಳು ಅವುಗಳ ಮೇಲೆ ಬಂದಿದ್ದರೆ 'ಹಿಡಿತ'. ಬೆರಳ ತುದಿ ಮಾತ್ರ ತಾಗಿದ್ದರೆ 'ಸವರು'. ಜಗಳಕ್ಕೆ ಜಾಗವೇ ಇಲ್ಲ. ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡೆ. 1975ರಲ್ಲಿ ಪ್ಯಾರಿಸ್‌ನ ವೋಗ್ ಫ್ಯಾಷನ್ ಪತ್ರಿಕೆಗೆ ಫೋಟೊಗ್ರಾಫರ್ ಹೆಲ್ಮುಟ್ ನ್ಯೂಟನ್ ತೆಗೆದ ಒಂದು ಚಿತ್ರ ಇದೆ, ರಾತ್ರಿಯ ಬೀದಿಯಲ್ಲಿ ಸೂಟ್ ತೊಟ್ಟು ನಿಂತವಳು. ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಜೇಬಿನಲ್ಲಿ. ಜೇಬಿನ ಕೈಯನ್ನು ಎಲ್ಲಿ ಸೇರಿಸುವುದು? ಅದಕ್ಕೇ 'ಬಿಡುವು' ಅಂತ ಮೂರನೇ ಗುರುತು ಹುಟ್ಟಿತು, ಆಮೇಲೆ ತುಂಬಾ ಕೆಲಸಕ್ಕೆ ಬಂತು.

ಕ್ಯಾಮೆರಾ ಎತ್ತರಕ್ಕೆ ದಿಗಂತ ಹುಡುಕಿ. ನೆಲ ಸಮ ಇದ್ದು, ಆ ಗೆರೆ ಮಾಡೆಲ್‌ನ ಮೊಣಕಾಲಿಗೆ ಹಾದರೆ ಕ್ಯಾಮೆರಾ ಇದ್ದದ್ದೂ ಮೊಣಕಾಲಿನ ಎತ್ತರದಲ್ಲೇ. ಅಂದರೆ ನಮ್ಮನ್ನು ಕೆಳಗೆ ಕೂರಿಸಿ ಅವಳನ್ನು ತಲೆಯೆತ್ತಿ ನೋಡಿಸಿದ್ದಾರೆ. ಸ್ಟುಡಿಯೋದ ಬಿಳಿ ಹಿನ್ನೆಲೆಯಲ್ಲಿ ದಿಗಂತವೇ ಇರಲ್ಲ. ಅಲ್ಲಿ ನಾನು ಏನು ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ, ಅದಕ್ಕೆ ತುಂಬಾ ನಿದ್ದೆ ಕೆಟ್ಟಿದ್ದೇನೆ.

ಈ ನಡುವೆ ಇನ್ನೊಂದು ಪ್ರಯೋಗ. ಭಾರ ಯಾವ ಕಾಲ ಮೇಲಿದೆ ಅಂತ ವಾದ ಬಂದ ಫೋಟೊಗಳ ಭಂಗಿಯಲ್ಲೇ ಸ್ನೇಹಿತರನ್ನು ನಿಲ್ಲಿಸಿದೆ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ, ಒಂದು ಹಿಮ್ಮಡಿ ಮೇಲೆ. ಭಾರದ ಕಾಲು ಎತ್ತಲು ಹೋದವರು ತಕ್ಷಣ ವಾಲಿದರು, ವಾದ ಮುಗಿಯಿತು. ಎಷ್ಟೋ ಭಂಗಿಗಳಲ್ಲಿ ಒಂದು ನಿಮಿಷ ನಿಲ್ಲಲೂ ಆಗಲ್ಲ, ಫೋಟೊದಲ್ಲಿ ಮಾತ್ರ ಆರಾಮವಾಗಿ ನಿಂತ ಹಾಗೆ ಕಾಣುತ್ತದೆ. 1933ರಲ್ಲಿ ಫೋಟೊಗ್ರಾಫರ್ ಮಾರ್ಟಿನ್ ಮುಂಕಾಚಿ ಹೀಗೆ ನಿಲ್ಲಿಸುವ ಬದಲು ಕಡಲ ತೀರದಲ್ಲಿ ಮಾಡೆಲ್‌ನ್ನು ಓಡಿಸಿ ತೆಗೆದದ್ದು ಎಷ್ಟು ದೊಡ್ಡ ಜಿಗಿತ ಅಂತ ನನಗೆ ಗೊತ್ತಾದದ್ದು ಆವತ್ತೇ.

ಒಂದು ಮಾತು, ಬಿಡಿಬಿಡಿ ಫೋಟೊ ಎಣಿಸಬೇಡಿ. ಪತ್ರಿಕೆಯಲ್ಲಿ ಒಟ್ಟಿಗೆ ಬಂದ ಒಂದೇ ಸರಣಿಯ ಪುಟಗಳನ್ನು ಸಾಲಾಗಿ ಹರಡಿ. ನನ್ನ ಹತ್ತಿರ ಸುಮಾರು ಆರುನೂರು ಫೋಟೊ ಇವೆ, ಬಹಳಷ್ಟು ಸರಣಿಗಳಲ್ಲಿ ಮೊದಲ ಪುಟದಲ್ಲಿ ನಮ್ಮನ್ನೇ ದಿಟ್ಟಿಸುವವಳು ನಡುವೆ ಎಲ್ಲೋ ನೋಟ ತಿರುಗಿಸಿಬಿಡುತ್ತಾಳೆ, ಅಲ್ಲಿಂದ ಕೈಯೂ 'ಸವರು' ಕಡೆಗೆ ಜಾರುತ್ತದೆ. ಬಿಡಿ ಫೋಟೊದಲ್ಲಿ ಇದು ಸಿಗುವುದೇ ಇಲ್ಲ.

ಈಗ ಆನ್‌ಲೈನ್ ಬಟ್ಟೆ ಮಾರಾಟದ ಫೋಟೊ ಶುರು ಮಾಡಿದ್ದೇನೆ. ಅಲ್ಲಿ ತುಟಿಯ ಮೇಲಕ್ಕೆ ಮುಖ ಕತ್ತರಿಸಿದ ಚಿತ್ರಗಳು ತುಂಬಾ ಇವೆ, ನೋಟದ ಕಾಲಂ ಖಾಲಿ ಬೀಳುತ್ತಿದೆ. ಕತ್ತರಿಸಿದ ಜಾಗಕ್ಕೇ ಒಂದು ಕಾಲಂ ಹಾಕಿ ನೋಡುತ್ತಿದ್ದೇನೆ.