ಬೋರ್ಡೋಗೆ ಬೇವಿನೆಣ್ಣೆ ಸೇರಿಸಿದ ದಿನ

ಮಳೆಗಾಲದಲ್ಲಿ ನಮ್ಮ ಕಾಳುಮೆಣಸಿನ ಬಳ್ಳಿಗೆ ಎರಡು ಔಷಧಿ ಹೊಡೆಯುತ್ತೇನೆ. ಸೊರಗು ರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ. ಕಾಳನ್ನು ಕೊರೆದು ಪೊಳ್ಳು ಮಾಡುವ ಪೊಳ್ಳು ದುಂಬಿಗೆ ಬೇವಿನೆಣ್ಣೆ. ಒಂದು ವರ್ಷ ಕೆಲಸಕ್ಕೆ ಜನ ಸಿಗಲಿಲ್ಲ, ಮಳೆ ಬಿಡುವು ಕೊಟ್ಟಿದ್ದು ಎರಡೇ ದಿನ. ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿ ಹೊಡೆದರಾಯಿತು ಅಂದುಕೊಂಡೆ.

ಬೋರ್ಡೋ ಸರಿಯಾಗಿಯೇ ಮಾಡಿದ್ದೆ. 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿಗೆ. ಕಲಕುತ್ತಾ ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿದೆ. ಚಾಕು ಅದ್ದಿ ನೋಡಿದೆ, ತಾಮ್ರದ ಕೆಂಪು ಹಿಡಿಯಲಿಲ್ಲ, ಅಂದರೆ ಸುಣ್ಣ ಸಾಕಾಗಿದೆ. ಆಮೇಲೆ ಸೋಪು ಹಾಕಿ ಕದಡಿದ್ದ ಬೇವಿನೆಣ್ಣೆ ಸೇರಿಸಿದೆ. ಸ್ವಲ್ಪ ಹೊತ್ತಿಗೆ ಹಾಲು ಒಡೆದ ಹಾಗೆ ಗಂಟು ಗಂಟು, ಮೇಲೆ ಎಣ್ಣೆಯ ಪದರ. ನಾಝಲ್ ಕಟ್ಟಿತು. ಬರೀ ಎಣ್ಣೆ ಬಿದ್ದ ಎಲೆಗಳು ಸುಟ್ಟವು. ತುಂಬಾ ಬೇಜಾರಾಯಿತು.

ಆದದ್ದು ಇಷ್ಟು. ತೀರಾ ಸಣ್ಣ ಕಣಗಳು ಇನ್ನೊಂದು ವಸ್ತುವಿನಲ್ಲಿ ಕರಗದೆ, ತಳಕ್ಕೂ ಇಳಿಯದೆ ಹರಡಿಕೊಂಡಿದ್ದರೆ ಅದು ಕಲಿಲ. ಹೊಗೆ, ಮಂಜು, ಹಾಲು ಎಲ್ಲವೂ ಕಲಿಲವೇ. ಹರಡಿದ್ದೂ ದ್ರವ, ಸುತ್ತ ಇರುವುದೂ ದ್ರವ ಆದಾಗ ಮಾತ್ರ ಎಮಲ್ಷನ್ ಅನ್ನುತ್ತಾರೆ. ಅಂದರೆ ಎಮಲ್ಷನ್ ಕಲಿಲದ್ದೇ ಒಂದು ಬಗೆ. ಹಾಲು ಎರಡೂ ಹೌದು, ಹೊಗೆ ಬರೀ ಕಲಿಲ. ಹೊಸ ಬೋರ್ಡೋದಲ್ಲಿ ಇರುವುದು ತಾಮ್ರದ ಘನ ಕಣ, ಲೋಳೆಯ ಹಾಗೆ ಎಲೆಗೆ ಅಂಟುತ್ತದೆ. ಬೇವಿನೆಣ್ಣೆಯದು ಎಮಲ್ಷನ್. ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿಕೊಳ್ಳದ ಹಾಗೆ ಸೋಪು ಸುತ್ತ ಕಾವಲು ನಿಂತಿರುತ್ತದೆ. ಸುಣ್ಣದ ಕ್ಯಾಲ್ಸಿಯಂ ಆ ಸೋಪನ್ನೇ ಗಂಟು ಮಾಡಿತು. ಕಾವಲು ಹೋದ ಮೇಲೆ ಎಣ್ಣೆ ತೇಲಿತು. ಗಡಸು ನೀರಿನ ಬೋರ್‌ವೆಲ್ ಇರುವ ಮನೆಯಲ್ಲಿ ಸೋಪು ನೊರೆ ಬರುವುದಿಲ್ಲ ಅಲ್ವಾ, ಅದೂ ಇದೇ ಕಾರಣಕ್ಕೆ.

ಈಗ ಎರಡನ್ನೂ ಬೇರೆ ಬೇರೆ ದಿನ ಹೊಡೆಯುತ್ತೇನೆ. ಬೇವಿನೆಣ್ಣೆಗೆ ಮಳೆ ನೀರೇ ಆಗಬೇಕು. ಲೀಟರಿಗೆ 5 ಮಿಲಿ ಲೆಕ್ಕದ ಎಣ್ಣೆಯನ್ನು ಮೊದಲು ಸ್ವಲ್ಪ ಸೋಪು ನೀರಿನಲ್ಲಿ ಚೆನ್ನಾಗಿ ಕಡೆದು, ಆಮೇಲೆ ಉಳಿದ ನೀರಿಗೆ ಬೆರೆಸುತ್ತೇನೆ. ಹೊಡೆಯುವಾಗ ಕೆನೆಯಂತೆ ಮೇಲೆ ಬಂದರೆ ಕಲಕಿದರೆ ಸಾಕು, ಮತ್ತೆ ಬೆರೆಯುತ್ತದೆ. ಬೋರ್ಡೋ ಹಾಗಲ್ಲ. ರಾತ್ರಿ ಉಳಿಸಿದರೆ ಕಣಗಳು ದಪ್ಪವಾಗಿ ತಳ ಸೇರುತ್ತವೆ. ಎಷ್ಟು ಕಲಕಿದರೂ ಮೊದಲಿನ ಅಂಟು ಬರುವುದಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದು ಮೋಡ ನೋಡಿದ ಮೇಲೆಯೇ ಸುಣ್ಣಕ್ಕೆ ನೀರು ಹಾಕುತ್ತೇನೆ.