ರೇಸ್ ಬಿಟ್ಟ ಕುದುರೆ ಕಾರವಾರಕ್ಕೆ ಬಂದಾಗ
ಬೆಂಗಳೂರಿನ ಲಾಯದಿಂದ ಬಂದ ಕುದುರೆಗೆ ಓಟ್ಸ್ ಒಮ್ಮೆಲೇ ನಿಲ್ಲಿಸಬೇಡಿ. ಎರಡು ವಾರದಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿ. ಮೇವು ತಟ್ಟನೆ ಬದಲಾದರೆ ಹೊಟ್ಟೆಶೂಲೆ ಬರಬಹುದು. 500 ಕೆ.ಜಿ. ಕುದುರೆಗೆ ದಿನಕ್ಕೆ 8–10 ಕೆ.ಜಿ. ಒಣಹುಲ್ಲು ಬೇಕು. ಬೂಸಲು ಹಿಡಿದದ್ದು ಬೇಡವೇ ಬೇಡ, ಕೆಮ್ಮು ಹತ್ತುತ್ತದೆ.

ನಮ್ಮ ಮಳೆಗಾಲದಲ್ಲಿ ದೊಡ್ಡ ಶತ್ರು ಕೆಸರು. ದಿನಕ್ಕೆರಡು ಸಲ ಗೊರಸು ಎತ್ತಿ, ಹಿಮ್ಮಡಿಯಿಂದ ಮುಂದಕ್ಕೆ ಕೊಕ್ಕೆಯಲ್ಲಿ ಕೆರೆದು, ನಡುವಿನ ಮೆತ್ತನೆಯ ತ್ರಿಕೋನ ಭಾಗ ನೋಡಿ. ಅಲ್ಲಿ ಕಪ್ಪು ಲೋಳೆ, ಕೆಟ್ಟ ವಾಸನೆ ಇದ್ದರೆ ಕೊಳೆ ಶುರುವಾಗಿದೆ ಎಂದೇ ಅರ್ಥ. ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಒದ್ದೆ ಗೊರಸಿಗೆ ಹಚ್ಚಿದ ಔಷಧ ದಂಡ.

ಸೆಖೆಯಲ್ಲಿ ಬೆವರದೆ ಏದುಸಿರು ಬಿಡುತ್ತಿದ್ದರೆ ಮೈಮೇಲೆ ತಣ್ಣೀರು ಸುರಿಯುತ್ತಲೇ ಪಶುವೈದ್ಯರನ್ನು ಕರೆಸಿ. ಹೆಣ್ಣಾದರೆ ಬೇಸಿಗೆಯಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬಂದು ಸಿಡುಕುತ್ತದೆ, ಹೊಡೆಯಬೇಡಿ.